ಗೇರ್‌ಬಾಕ್ಸ್ ಮೂಸುತ್ತಿದ್ದವರು

ಫೋನ್ ಬಂದಾಗ ನನ್ನ ಎಡಗೈ ಭುಜದವರೆಗೂ ಒಂದು ಹಸುವಿನ ಒಳಗಿತ್ತು. ದನದ ಡಾಕ್ಟರ ಪಾಡೇ ಅಷ್ಟು, ಒಳ್ಳೆಯ ಸುದ್ದಿಯಾಗಲಿ ಕೆಟ್ಟ ಸುದ್ದಿಯಾಗಲಿ ಇನ್ನೊಬ್ಬರು ಕಿವಿಗೆ ಹಿಡಿದು ಕೇಳಿಸಬೇಕು. ಹಸುವಿನ ಮನೆಯಾಕೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಫೋನನ್ನು ನನ್ನ ಕಿವಿಗೆ ಒತ್ತಿದಳು. ಆ ಕಡೆ ಇದ್ದವರು ಚನ್ನಪಟ್ಟಣದ ಎಳನೀರು ವ್ಯಾಪಾರಿ, ನನ್ನ ಹಾಗೆಯೇ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರು.

"ಡಾಕ್ಟ್ರಮ್ಮ, ನಮ್ ಗೇರ್‌ಬಾಕ್ಸ್‌ನವ್ರು ಹೋಗ್ಬುಟ್ರು. ಮೊನ್ನೆ ಅಡ್ಗೆಮನೇಲಿ ಗ್ಯಾಸ್ ಹತ್ಕೊಂಡಿತ್ತು, ಬೆಂಗ್ಳೂರಿಗೆ ಸಾಗ್ಸಿದ್ರು. ಇವತ್ತು ಬೆಳಿಗ್ಗೆ ಆಗೋಯ್ತಂತೆ."

ನನಗೆ ಏನೂ ಗೊತ್ತಿರಲಿಲ್ಲ. ನಾನು ಅದೇ ವಾರ ಅವರ ಅಂಗಡಿಗೆ ಹೋಗಬೇಕು ಅಂದುಕೊಂಡಿದ್ದೆ. "ಹೆಂಗೆ?" ಎಂದೆ.

"ಅದೇ ಮಾತು ಈಗ. ಅವ್ರೇ ಮಾಡ್ಕೊಂಡವ್ರೆ ಅಂತಾವ್ರೆ ಎಲ್ರೂ. ಹೆಂಡ್ತಿ ಊರಲ್ಲಿರ್ನಿಲ್ಲ. ನೀವೇ ಯೋಚ್ನೆ ಮಾಡಿ, ಆ ಮೂಗಿಗೆ ಗ್ಯಾಸ್ ವಾಸ್ನೆ ಗೊತ್ತಾಗ್ದೆ ಇದ್ದಾತಾ?"

ನಾನು ಕೈ ಹೊರಗೆ ಎಳೆದುಕೊಂಡು ಕೊಟ್ಟಿಗೆಯ ಗೋಡೆಗೆ ಒರಗಿದೆ. ಮನೆಯಾಕೆ ಎರಡು ಸಲ ಕೇಳಿದ ಮೇಲೆ "ಹೂಂ, ಗಬ್ಬ ನಿಂತೈತೆ" ಎಂದು ಹೇಳಿದೆ. ಆಕೆಗೆ ಆದ ಸಂತೋಷವನ್ನು ನೋಡುತ್ತ ನಿಲ್ಲುವ ಶಕ್ತಿಯೂ ನನಗೆ ಇರಲಿಲ್ಲ. ಆ ಮೂಗಿನ ವಿಷಯ ಊರಿಗೆ ಗೊತ್ತಿದ್ದಷ್ಟು ನನಗೂ ಗೊತ್ತಿತ್ತು. ಊರಿಗೆ ಗೊತ್ತಿಲ್ಲದ್ದೂ ಗೊತ್ತಿತ್ತು.

ಅವರ ಹೆಸರು ಇಲ್ಲಿ ಬೇಡ. ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡಿದ್ದೂ ಕಡಿಮೆ. ಹಳೇ ಹೆದ್ದಾರಿಯಲ್ಲಿ ಚನ್ನಪಟ್ಟಣ ಮುಗಿಯುವ ಕಡೆ ಒಂದು ತಗಡಿನ ಶೆಡ್ಡು, ಅದರ ಹಿಂದೆಯೇ ಎರಡು ಕೋಣೆಯ ಮನೆ. ಪಕ್ಕದಲ್ಲಿ ಪಂಚರ್ ಅಂಗಡಿ, ಬೆನ್ನಿಗೆ ಗೂಡು ಬೇಯಿಸಿ ರೇಷ್ಮೆ ತೆಗೆಯುವ ಒಂದು ಫಿಲೇಚರ್. ಹೊಸ ರಸ್ತೆ ಆದಮೇಲೆ ಆ ದಾರಿಯಲ್ಲಿ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿಕೊಂಡವು. ಇವರ ಶೆಡ್ಡಿನ ಮುಂದೆ ಮಾತ್ರ ಮೈಸೂರು ಕಡೆಯ ಕಾರೂ ಬೆಂಗಳೂರು ಕಡೆಯ ಕಾರೂ ಸಾಲಾಗಿ ನಿಂತಿರುತ್ತಿದ್ದವು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಟ್ಟು ಬೇರೆ ಏನನ್ನೂ ಅವರು ಮುಟ್ಟುತ್ತಿರಲಿಲ್ಲ. ಬ್ರೇಕು ಹಿಡಿಯುತ್ತಿಲ್ಲ ಎಂದು ಯಾರಾದರೂ ಬಂದರೆ, "ಹಲ್‌ನೋವು ಅಂತ ಕಣ್ಣಾಸ್ಪತ್ರೆಗೆ ಬಂದೀಯಲ್ಲಪ್ಪ" ಎಂದು ಅಟ್ಟುತ್ತಿದ್ದರು.

ನಾನು ಅಲ್ಲಿಗೆ ಹೋಗುವಂತೆ ಮಾಡಿದ್ದು ಸೋಲೂರಿನ ಒಂದು ಸೀಮೆಹಸು. ಅದು ಕೊಟ್ಟ ಒದೆತಕ್ಕೆ ನನ್ನ ಎಡ ಮಂಡಿಯ ಚಿಪ್ಪು ಚೂರಾಯಿತು. ಮೂಳೆ ಕೂಡಿಕೊಂಡಿತು, ಕ್ಲಚ್ ತುಳಿಯುವ ಬಲ ಮಾತ್ರ ಬರಲಿಲ್ಲ. "ಡ್ರೈವರ್ ಇಟ್ಕೋ" ಎಂದರು ನಮ್ಮ ಮನೆಯವರು. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಹಿಂದೆ ಕೂತು ಕರು ಎಳೆಯಲು ಹೋಗುವ ಜಾಯಮಾನ ನನ್ನದಲ್ಲ. ಹಟಕ್ಕೆ ಬಿದ್ದು ಒಂದು ಹಳೆಯ ಆಟೋಮ್ಯಾಟಿಕ್ ಕಾರು ಕೊಂಡೆ. ಒಂದು ತಿಂಗಳಿಗೆ ಅದು ಗೇರನ್ನು ಡಿ ಗೆ ಹಾಕಿದರೆ ಯೋಚನೆ ಮಾಡಿ ಮುಂದಕ್ಕೆ ಹೋಗುವ ಹಂತಕ್ಕೆ ಬಂತು.

ಅದನ್ನು ಅವರ ಶೆಡ್ಡಿಗೆ ತಂದು ನಿಲ್ಲಿಸಿದೆ. ಅವರು ಆರಡಿ ಆಳು. ಮುಖದಲ್ಲಿ ಮೊದಲು ಕಾಣುತ್ತಿದ್ದುದು ಮೂಗು, ಉಳಿದದ್ದೆಲ್ಲ ಆಮೇಲೆ. ಬಾನೆಟ್ ಎತ್ತಿ ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದರು. ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ, ಕಣ್ಣು ಮುಚ್ಚಿ, ದೇವರ ಮುಂದೆ ನಿಂತವರ ಹಾಗೆ ಉದ್ದಕ್ಕೆ ಉಸಿರೆಳೆದರು.

"ಈ ಗಾಡಿ ಒಂದ್ ಮಳೇಲಿ ನೀರೊಳಗೆ ನಿಂತಿತ್ತು. ಮಾರ್ದೋನು ಹೇಳ್ನಿಲ್ಲ ತಾನೇ?"

ಅವರು ನನ್ನ ಕಡೆ ತಿರುಗಿ ಇನ್ನೊಂದು ಸಲ ಗಾಳಿ ಎಳೆದುಕೊಂಡರು.

"ನೀವು ಬೆಳಿಗ್ಗೆ ಟಗರು ಹಿಡ್ಕೊಂಡಿದ್ರಿ."

ಹಿಡಿದಿದ್ದೆ. ಕೈ ತೊಳೆದು, ಸೀರೆ ಬದಲಾಯಿಸಿ, ಪೌಡರ್ ಬೇರೆ ಹಾಕಿಕೊಂಡು ಬಂದಿದ್ದೆ. ಮೈಮೇಲಿನ ಬಟ್ಟೆಯೇ ಜಾರಿದ ಹಾಗಾಯಿತು. ನಾಚಿಕೆ ಮುಚ್ಚಿಕೊಳ್ಳಲು ನನ್ನ ಕಸುಬಿನ ಮಾತು ತೆಗೆದೆ. ಕರು ಹಾಕಿದ ಹಸು ಮೇವು ಬಿಟ್ಟರೆ ನಾವೂ ಅದರ ಬಾಯಿಗೆ ಮೂಗಿಟ್ಟು ನೋಡುತ್ತೇವೆ, ಒಂದು ಕಾಯಿಲೆಯಲ್ಲಿ ಅದರ ಉಸಿರು ಕೊಳೆತ ಹಣ್ಣಿನಂತೆ ಸಿಹಿಯಾಗಿ ಹೊಡೆಯುತ್ತದೆ ಎಂದೆ. ಅವರ ಮುಖ ಅರಳಿತು. ಶೆಡ್ಡಿನಲ್ಲಿದ್ದವರನ್ನೆಲ್ಲ ಕರೆದು ಇನ್ನೊಂದು ಸಲ ಹೇಳಿಸಿದರು.

"ಕೇಳಿಸ್ಕೊಂಡ್ರಾ? ನಾನು ಬಡ್ಕೊಳೋದೂ ಅದೇ. ಗೇರ್‌ಬಾಕ್ಸ್ ಅಂದ್ರೆ ಹೊಟ್ಟೆ. ಹೊಟ್ಟೆ ಕೆಟ್ರೆ ವಾಸ್ನೆ ಬಂದೇ ಬತ್ತದೆ. ಇವ್ರು ನಮ್ ಕಸುಬ್ನೋರು."

ಅಂದಿನಿಂದ ಮಾತು ಬೆಳೆಯಿತು. ಅವರದು ಬಾಯಿಬಡುಕ ಸ್ವಭಾವ, ನನ್ನದೂ ಕಡಿಮೆಯಲ್ಲ. ಬಾಕ್ಸ್ ಇಳಿಸಿ ಬಿಚ್ಚುವ ದಿನ ಗಾಡಿಯವರು ಎದುರಿಗೆ ಕೂತಿರಲೇಬೇಕು ಎನ್ನುವುದು ಅವರ ಕಟ್ಟಪ್ಪಣೆ. "ನಾಳೆ ದಿನ ಅದ್ ಇರ್ನಿಲ್ಲ, ಇದ್ ಇರ್ನಿಲ್ಲ ಅನ್ಬಾರ್ದು" ಎನ್ನುತ್ತಿದ್ದರು. ಗೇರ್‌ಬಾಕ್ಸಿನ ಒಳಗೆ ಎಣ್ಣೆಯ ದಾರಿ ಕಾಯುವ ಸಣ್ಣ ಸಣ್ಣ ಉಕ್ಕಿನ ಗುಂಡುಗಳಿರುತ್ತವೆ. ಒಂದು ಉರುಳಿ ಕಳೆದುಹೋದರೂ ಗಾಡಿ ದಾರಿ ತಪ್ಪಿದ ಮಗನಂತಾಡುತ್ತದೆ. ಆ ಗುಂಡುಗಳನ್ನು ಅವರು ಹೆಂಡತಿಯ ಪಡ್ಡಿನ ಹಂಚಿನಲ್ಲಿ, ಕುಳಿಗೊಂದರಂತೆ ಇಡುತ್ತಿದ್ದರು. ಬಾಕ್ಸಿನೊಳಗೆ ಹಾಕುವ ಹೊಸ ಪ್ಲೇಟುಗಳನ್ನು ಹಾಗೇ ಜೋಡಿಸುವಂತಿಲ್ಲ, ಹಿತಕಿದ ಬೇಳೆಗೆ ಅವರೆಕಾಳು ನೆನೆಹಾಕಿದ ಹಾಗೆ ಗೇರ್‌ಬಾಕ್ಸಿನ ಕೆಂಪೆಣ್ಣೆಯಲ್ಲಿ ನೆನೆಯಬೇಕು. ಅವು ನೆನೆಯುವವರೆಗೆ ನಾಳೆ ಬಾ ಎನ್ನುವುದೇ. ಎಷ್ಟು ದೊಡ್ಡವರು ಅವಸರ ಮಾಡಿದರೂ ಅವರು ಜಗ್ಗುತ್ತಿರಲಿಲ್ಲ.

ಗಾಡಿ ಪೂರ್ತಿ ನಿಲ್ಲುವ ಮೊದಲೇ ರಿವರ್ಸಿಗೆ ಎಳೆಯುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಒಬ್ಬ ಅಂಥವನಿಗೆ ಶೆಡ್ಡಿನಲ್ಲಿ ಓಡು ಎಂದು ಹೇಳಿ, ಓಡಿದವನ ಅಂಗಿಯನ್ನು ಹಿಂದಿನಿಂದ ಜಗ್ಗಿಬಿಟ್ಟರು. ಅವನು ಧಡ್ ಎಂದು ಕೂತ. "ಈಗ ಗೊತ್ತಾಯ್ತಾ ಅದಕ್ಕೆ ಎಂಗಾಗ್ತದೆ ಅಂತ?" ಎಂದು ಅವರೇ ಕೈಕೊಟ್ಟು ಎಬ್ಬಿಸಿದರು. ನಾನು ಹೌಹಾರಿದೆ. ಅವನು ಒಂದು ಪಂಚಾಯಿತಿಯ ಅಧ್ಯಕ್ಷ. ಆದರೂ ಆ ಮನುಷ್ಯ ಮತ್ತೆ ಅಲ್ಲಿಗೇ ಬರುತ್ತಿದ್ದ. ಬೇರೆ ಕಡೆ ಬಾಕ್ಸನ್ನೇ ಬದಲಾಯಿಸಿ ಎನ್ನುತ್ತಾರೆ. ಇವರು "ಹೊಟ್ಟೆನೋವು ಅಂದ್ರೆ ಹೊಟ್ಟೇನೇ ಬದ್ಲಾಯ್ಸ್ತಾರಾ?" ಎಂದು ಒಳಗಿರುವುದನ್ನೇ ಸರಿ ಮಾಡಿ ಕೊಡುತ್ತಿದ್ದರು.

ಅವರ ಹೆಂಡತಿ ಗಿಡ್ಡ ಆಳು, ಮಾತು ಕಡಿಮೆ. ತವರು ಕಬ್ಬಾಳು. ಮೊದಮೊದಲು ಆಕೆ ಶೆಡ್ಡಿಗೆ ಕಾಲಿಡುತ್ತಿರಲಿಲ್ಲ. ಗಂಡನ ಎಣ್ಣೆ ಬಟ್ಟೆಯನ್ನು ಕೋಲಿನ ತುದಿಯಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದುದನ್ನು ನಾನೇ ನೋಡಿ ನಕ್ಕಿದ್ದೇನೆ. ಕೊರೊನಾ ಮುಗಿದ ಮೇಲೆ ಹೋದಾಗ ಆಕೆ ಶೆಡ್ಡಿನೊಳಗೇ ಒಂದು ಸ್ಟೂಲು ಹಾಕಿಕೊಂಡು ಕೂತಿದ್ದರು. ಇಬ್ಬರಿಗೂ ಜೋರು ಜ್ವರ ಬಂದು ಹೋಗಿತ್ತು. ಒಬ್ಬರನ್ನೊಬ್ಬರು ಬಿಟ್ಟಿರಲಾರದೆ ಹೀಗೆ ಎಂದುಕೊಂಡೆ.

ಆಗಿನಿಂದ ಶೆಡ್ಡಿನಲ್ಲಿ ಒಂದು ಹೊಸ ಪದ್ಧತಿ ಶುರುವಾಗಿತ್ತು. ಅವರು ಕಡ್ಡಿ ಎಳೆದು ಒಂದು ಬಿಳಿ ಬಟ್ಟೆಗೆ ಒರೆಸುವರು. ಬೆರಳನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುವರು. ಅಷ್ಟರಲ್ಲಿ ಹೆಂಡತಿ ಆ ಬಟ್ಟೆ ತೆಗೆದುಕೊಂಡು ಮನೆಯೊಳಗೆ ಹೋಗಿ, ಗಾಡಿಯವರಿಗೆ ಕುಡಿಯಲು ಏನಾದರೂ ತರುವರು. ಒಬ್ಬರಿಗೆ ನೀರು, ಒಬ್ಬರಿಗೆ ಕಾಫಿ. ಅದಾದ ಮೇಲೆಯೇ ಅವರು ಕಣ್ಣು ಬಿಟ್ಟು ತೀರ್ಪು ಕೊಡುತ್ತಿದ್ದುದು. ಮೂಸುವುದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ಜನಕ್ಕೆ ಇನ್ನಷ್ಟು ಗೌರವ. ನನಗೂ ಇತ್ತು.

ಒಂದು ಮಧ್ಯಾಹ್ನ ನನ್ನ ಕಾರಿನ ಎಣ್ಣೆ ಬದಲಿಸಲು ಹೋಗಿ ಕೂತಿದ್ದೆ. ಹಿಂದಿನ ಫಿಲೇಚರಿನಲ್ಲಿ ಸತ್ತ ಹುಳದ ಚೀಲಗಳು ಮಳೆಗೆ ನೆನೆದು ಕೊಳೆತಿದ್ದವು. ಅವನ್ನು ಲಾರಿಗೆ ಎಳೆಯತೊಡಗಿದ್ದೇ ತಡ, ಆ ನಾತ ಶೆಡ್ಡಿನೊಳಗೆ ನುಗ್ಗಿತು. ರಾಮನಗರ, ಚನ್ನಪಟ್ಟಣದಲ್ಲಿ ಬಾಳಿದವರಿಗೆ ಹುಳದ ವಾಸನೆ ಹೊಸದಲ್ಲ, ಆದರೆ ಇದು ಕರುಳು ಕಿತ್ತು ಬರುವಂಥದ್ದು. ಪಂಚರ್ ಅಂಗಡಿಯವರು ಟವೆಲ್ಲು ಸುತ್ತಿಕೊಂಡರು. ಸತ್ತ ಎಮ್ಮೆಯನ್ನು ಕುಯ್ದು ನೋಡಿದ ನಾನೂ ಸೆರಗು ಕಚ್ಚಿಕೊಂಡೆ. ಇವರು ಮಾತ್ರ ಆಚೆಯಿಂದ ಒಂದು ಪೊಟ್ಟಣ ಬೋಂಡ ತಂದು, ನನ್ನ ಎದುರಿಗೆ ಕೂತು, ಚಟ್ನಿ ಅದ್ದಿಕೊಂಡು ತಿನ್ನತೊಡಗಿದರು.

"ತಗಳಿ ಡಾಕ್ಟ್ರಮ್ಮ, ಬಿಸಿಯಾಗವೆ. ಯಾಕೆ ಮುಖ ಹಂಗ್ ಮಾಡ್ಕೊಂಡಿದ್ದೀರಿ?"

ಆ ನಾತ ಅವರ ಮೂಗಿಗೆ ತಟ್ಟಿಯೇ ಇರಲಿಲ್ಲ. ರೋಗ ಹಿಡಿಯುವುದು ನನ್ನ ಕೆಲಸ, ಅದು ಎಲ್ಲಿ ಸಿಕ್ಕರೂ ಬಿಡಲಾಗುವುದಿಲ್ಲ. ಪಂಚರ್ ಅಂಗಡಿಯವರು ಆಚೆ ಹೋಗುವವರೆಗೆ ಕಾದು, ಹುಳ ಬಿದ್ದ ಗಾಯಕ್ಕೆ ಹಾಕುವ ಟರ್ಪೆಂಟೈನ್ ಬಾಟಲಿಯನ್ನು ಚೀಲದಿಂದ ತೆಗೆದೆ. ಮುಚ್ಚಳ ಬಿಚ್ಚಿ ಅವರ ಮೂಗಿನ ಕೆಳಗೆ ಹಿಡಿದು, "ಇದೇನು ಹೇಳಿ" ಎಂದೆ.

ಅವರು ನಕ್ಕರು. ಕಣ್ಣು ಮುಚ್ಚಿದರು. ಉದ್ದಕ್ಕೆ ಉಸಿರೆಳೆದರು. ಆಮೇಲೆ, ರೂಢಿಯಂತೆ, ಹೆಂಡತಿಯ ಕಡೆ ತಿರುಗಿದರು. ಸ್ಟೂಲಿನ ಮೇಲಿದ್ದ ಆಕೆ ಎದ್ದು ನಿಂತಿದ್ದರು.

"ಜ್ವರ ಬಂತಲ್ಲ, ಅವತ್ತು ಹೋಗಿದ್ದು" ಎಂದರು ಆತ. ಬೋಂಡ ಕೈಯಲ್ಲೇ ಇತ್ತು. "ಇವತ್ತು ಬತ್ತದೆ, ನಾಳೆ ಬತ್ತದೆ ಅಂತ ಕಾದೆ. ಈಗ ಸಾರಿಗೂ ನೀರಿಗೂ ಯತ್ಯಾಸ ಇಲ್ಲ ನಂಗೆ."

"ಹಾಗಾದರೆ ಇಷ್ಟು ದಿನ ಎಣ್ಣೆ ನೋಡುತ್ತಿದ್ದುದು?"

ಅವರು ಹೆಂಡತಿಯನ್ನು ತೋರಿಸಿದರು. ಬಟ್ಟೆಯನ್ನು ಒಳಗೆ ಒಯ್ದು ಮೂಸುತ್ತಿದ್ದುದು ಆಕೆ. ಎಣ್ಣೆ ಚೆನ್ನಾಗಿದ್ದರೆ ಗಾಡಿಯವರಿಗೆ ನೀರು, ಸುಟ್ಟಿದ್ದರೆ ಕಾಫಿ. ನೀರೋ ಕಾಫಿಯೋ ನೋಡಿಕೊಂಡು ಇವರು ತೀರ್ಪು ಕೊಡುತ್ತಿದ್ದರು. ಕೋಲಿನಲ್ಲಿ ಬಟ್ಟೆ ಎತ್ತುತ್ತಿದ್ದ ಹೆಂಗಸು. ಅವರು ಎಣ್ಣೆಯ ಒಂದೊಂದು ಹದವನ್ನೂ ಬಾಯಲ್ಲಿ ಹೇಳಿ ಹೇಳಿ ಆಕೆಗೆ ಕಲಿಸಿದ್ದರು. ನನ್ನ ಕಾರಿಗೂ ಎರಡು ಸಲ ಆಕೆಯೇ ತೀರ್ಪು ಕೊಟ್ಟಿದ್ದು ಎಂದು ಗೊತ್ತಾದಾಗ ನಗಬೇಕೋ ಜಗಳ ಮಾಡಬೇಕೋ ತಿಳಿಯಲಿಲ್ಲ. ಎರಡೂ ಸಲ ತೀರ್ಪು ಸರಿಯಾಗಿತ್ತು.

ಆತ ಇನ್ನೇನೋ ಹೇಳಲು ಬಾಯಿ ತೆರೆದರು. ಆಕೆಯೇ ಮೊದಲು ಮಾತಾಡಿದರು. "ಯಾರ್ಗೂ ಹೇಳ್ಬ್ಯಾಡಿ ಡಾಕ್ಟ್ರಮ್ಮ. ಆ ಮೂಗ್ನಿಂದ್ಲೇ ಇವ್ರಿಗೆ ಹೆಸ್ರು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕಿವಿ ಮೂಗಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ, ಅಲ್ಲಿಯತನಕ ಗ್ಯಾಸಿನ ಹತ್ತಿರ ಬಹಳ ಹುಷಾರು ಎಂದೆ. ಅವರು ತೋರಿಸಿಯೂ ಬಂದರು, ವಾಸನೆ ಮರಳಲಿಲ್ಲ. ಗ್ಯಾಸಿನ ಮಾತಿಗೆ ಮಾತ್ರ ಆತ ಕೈ ಆಡಿಸಿಬಿಡುತ್ತಿದ್ದರು. "ಇವ್ಳು ಇರ್ತಾಳಲ್ಲ."

ಆ ಒಂದು ದಿನ ಆಕೆ ಇರಲಿಲ್ಲ. ತಂಗಿಯ ಮೊಮ್ಮಗುವಿಗೆ ಹೆಸರಿಡುತ್ತಾರೆ ಎಂದು ಕಬ್ಬಾಳಿಗೆ ಹೋಗಿದ್ದರು. ಬೆಳಿಗ್ಗೆ ಇವರು ಕಾಫಿ ಮಾಡಿಕೊಳ್ಳೋಣ ಎಂದು ಅಡುಗೆಮನೆಗೆ ಹೋಗಿದ್ದಾರೆ, ಲೈಟರ್ ಒತ್ತಿದ್ದಾರೆ.

ಫೋನ್ ಬಂದ ದಿನ ಮಧ್ಯಾಹ್ನವೇ ಮಣ್ಣು ಮಾಡುತ್ತಾರೆ ಎಂದು ತಿಳಿದು, ಸಾತನೂರು ರಸ್ತೆಯಲ್ಲಿ ಅವರ ಊರಿಗೆ ಕಾರು ಬಿಟ್ಟುಕೊಂಡು ಹೋದೆ. ಮನೆಯವರ ಹೊಲದಲ್ಲೇ ಸಮಾಧಿ ಸಾಲು, ತೆಂಗಿನ ಮರಗಳ ಕೆಳಗೆ ತಂದೆ, ತಾಯಿ, ಅಜ್ಜ. ಗುಂಡಿ ಅಲ್ಲಿರಲಿಲ್ಲ. ಹೊಲದ ಆ ತುದಿಯಲ್ಲಿ, ಕತ್ತಾಳೆ ಬೇಲಿಯ ಪಕ್ಕ ತೋಡಿದ್ದರು. ಯಾಕೆ ಎಂದು ಎಳನೀರು ವ್ಯಾಪಾರಿಯನ್ನು ಕೇಳಿದೆ. ತಾವಾಗಿ ಪ್ರಾಣ ತೆಗೆದುಕೊಂಡವರನ್ನು ಹೆತ್ತವರ ಸಾಲಿಗೆ ಸೇರಿಸುವುದಿಲ್ಲ ಎನ್ನುವುದು ಆ ಮನೆತನದ ಕಟ್ಟು ಎಂದರು ಅವರು.

ಅಷ್ಟು ಮಾತಾಡಿ, ಅಷ್ಟು ನಗಿಸಿ, ಅಷ್ಟು ಬೈದು ಬದುಕಿದ ಮನುಷ್ಯ ಬೇಲಿಯ ಪಕ್ಕ. ಸುತ್ತ ನಿಂತವರೆಲ್ಲ ಅದನ್ನೇ ಪಿಸುಗುಟ್ಟುತ್ತಿದ್ದರು. ಏನು ಕಷ್ಟವಿತ್ತೋ, ಹೆಂಡತಿ ಜೊತೆ ಏನಾಗಿತ್ತೋ, ಇಲ್ಲದಿದ್ದರೆ ಆಕೆ ಯಾಕೆ ತವರಿಗೆ ಹೋಗುತ್ತಿದ್ದಳು. ಅವರ ಅಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದರು. "ನಂಗೇನ್ ಆಸೆನಾ, ಅವನ್ನ ಅಲ್ಲಿ ಮಡಗಕ್ಕೆ" ಎಂದು ಯಾರಿಗೋ ಹೇಳುತ್ತಿದ್ದರು.

ಆಕೆ ಹೆಣದ ಪಕ್ಕ ಕೂತಿದ್ದರು. ನಾನು ಹೋಗಿ ಭುಜ ಹಿಡಿದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಬಾಯಿ ಬಿಟ್ಟರೆ ಅವರ ಹೆಸರು ಹೋಗುತ್ತದೆ, ಬಿಡದಿದ್ದರೆ ಅವರು ಬೇಲಿಗೆ ಹೋಗುತ್ತಾರೆ. "ಹೇಳಲಾ?" ಎಂದು ಕಿವಿಯಲ್ಲಿ ಕೇಳಿದೆ. ಆಕೆ ನನ್ನ ಕೈ ಸರಿಸಿ ತಾವೇ ಎದ್ದರು.

"ಬಾವ, ಅವ್ರಿಗೆ ವಾಸ್ನೆ ಗೊತ್ತಾಯ್ತಿರ್ನಿಲ್ಲ. ಕೊರೊನಾ ಬಂದಾಗ ಮೂಗು ಹೋಗಿತ್ತು. ಗ್ಯಾಸ್ ಸೋರಿರೋದು ಅವ್ರಿಗೆ ತಿಳ್ದಿಲ್ಲ."

ಅಣ್ಣ ಟವೆಲ್ಲು ಇಳಿಸಿ ಆಕೆಯನ್ನು ನೋಡಿದರು. "ಅವನ್ ಮೂಗು ಈ ಸೀಮೆಗೆಲ್ಲ ಗೊತ್ತು ಕಣವ್ವ. ಮಣ್ಣು ಮಾಡೋ ಹೊತ್ನಲ್ಲಿ ಇಂಥ ಮಾತಾಡ್ಬ್ಯಾಡ."

"ಆ ಮೂಗು ನಂದು ಬಾವ."

ಎಳನೀರು ವ್ಯಾಪಾರಿ ಎರಡು ಹೆಜ್ಜೆ ಮುಂದೆ ಬಂದರು. "ಮೊನ್ ಮೊನ್ನೆ ನನ್ ಗಾಡಿ ಪ್ಲೇಟ್ ಸುಟ್ಟವೆ ಅಂದ್ರಲ್ಲವ್ವ?"

"ನಾನೇ ಅಣ್ಣ. ನಿಮಗೆ ಕಾಫಿ ಕೊಟ್ನಲ್ಲ."

ಪಂಚಾಯಿತಿ ಅಧ್ಯಕ್ಷರು ಹಿಂದಿನಿಂದ, "ನಂಗೆ ನೀರು ಕೊಟ್ಟಿದ್ರಿ" ಎಂದರು, ಮೆಲ್ಲಗೆ, ತಮಗೇ ಹೇಳಿಕೊಳ್ಳುವ ಹಾಗೆ. ನಾನೂ ಮುಂದೆ ಹೋಗಿ, ನಾನು ಪರೀಕ್ಷೆ ಮಾಡಿ ನೋಡಿದ್ದೇನೆ, ಟರ್ಪೆಂಟೈನ್ ಕೂಡ ತಿಳಿಯುತ್ತಿರಲಿಲ್ಲ ಎಂದು ಹೇಳಿದೆ. ದನದ ಡಾಕ್ಟರ ಮಾತು ಮನುಷ್ಯರ ಮೂಗಿಗೆ ನಡೆಯುತ್ತದೋ ಇಲ್ಲವೋ ಎಂಬ ಅಂಜಿಕೆ ಇತ್ತು. ಅಣ್ಣ ಗುಂಡಿ ತೋಡಿದವರ ಕೈಯಿಂದ ಗುದ್ದಲಿ ತೆಗೆದುಕೊಂಡು, ತೆಂಗಿನ ಮರದ ಕೆಳಗೆ ತಂದೆಯ ಪಕ್ಕದಲ್ಲಿ ತಾವೇ ಅಗೆಯತೊಡಗಿದರು. ಹುಡುಗರು ಓಡಿಹೋಗಿ ಕೈ ಹಾಕಿದರು.

ನನ್ನ ಜೀವ ಸ್ವಲ್ಪ ಹಗುರಾಯಿತು. ಆಗಲೇ ಪಂಚರ್ ಅಂಗಡಿಯವರು ಜನರ ನಡುವಿನಿಂದ ಬಂದರು. ವಯಸ್ಸಾದವರು. ಆಕೆಯ ಎದುರು ಅಲ್ಲೇ ಕುಕ್ಕರಿಸಿದರು.

"ನಂಗೆ ಬಂದಿತ್ತು ಕಣವ್ವ ವಾಸ್ನೆ. ಅವತ್ತು ಬೆಳಿಗ್ಗೆ ಅಂಗ್ಡಿ ತೆಗ್ದಾಗ್ಲೇ ಬಂದಿತ್ತು. ಬಾಗ್ಲು ತಟ್ಟಾನ ಅಂತ ಹೋದೆ. ಆ ಮೂಗಿನ ಮನ್ಸ ಒಳಗವ್ನೆ, ನಾನೇನ್ ಹೋಗಿ ಹೇಳೋದು ಅಂತ ವಾಪಸ್ ಬಂದ್ಬುಟ್ಟೆ."

ಆಕೆ ಅವರನ್ನು ನೋಡುತ್ತಲೇ ಇದ್ದರು. ಬೈಯಲಿಲ್ಲ, ಅಳಲಿಲ್ಲ.

ಮಣ್ಣಾದ ಮೇಲೆ ಆಕೆಗೆ ನಡೆಯಲು ಆಗುತ್ತಿರಲಿಲ್ಲ. ಬಾವನ ಮನೆಯತನಕ ಬಿಡುತ್ತೇನೆ ಎಂದು ನನ್ನ ಕಾರಿನಲ್ಲಿ ಕೂರಿಸಿಕೊಂಡೆ. ಚಾಲೂ ಮಾಡಿ ಬ್ರೇಕಿನ ಮೇಲೆ ಕಾಲಿಟ್ಟಿದ್ದೆ, ಆಗ ಆಕೆ ಮಾತಾಡಿದರು.

"ನೀವು ಆ ಬಾಟ್ಲಿ ಹಿಡ್ದ್ರಲ್ಲ, ಅವತ್ ಸಂಜೇನೇ ಅವ್ರು ಎಲ್ರಿಗೂ ಹೇಳ್ಬುಡ್ತೀನಿ ಅಂದ್ರು. ಇನ್ಮೇಲೆ ಮೂಸೋದು ಇವ್ಳು ಅಂತ ಅಂಗ್ಡಿ ಮುಂದೆ ಬರೆಸ್ಬುಡ್ತೀನಿ, ನಂಗೇನ್ ನಾಚ್ಕೆ ಅಂದ್ರು. ನಾನೇ ಬ್ಯಾಡ ಅಂದೆ. ಹೆಂಗಸ್ರು ಮೂಗು ಅಂದ್ರೆ ಯಾರೂ ಬರಕ್ಕಿಲ್ಲ ಅಂತ ಹೆದ್ರಿಸ್ದೆ."

ನಾನು ಆಕೆಯ ಕಡೆ ತಿರುಗಿದೆ.

"ಸುಳ್ಳು ಅದು. ಬಂದೇ ಬತ್ತಿದ್ರು. ನಾನ್ ಮೂಸಿದ್ನ ಅವ್ರು ಕಣ್ಮುಚ್ಕೊಂಡು ಅಷ್ಟ್ ಜನದ್ ಮುಂದೆ ಹೇಳ್ತಿದ್ರಲ್ಲ, ಅದನ್ ನೋಡಕ್ಕೆ ನಂಗೆ ಆಸೆ. ಅಷ್ಟಕ್ಕೇ ಬ್ಯಾಡ ಅಂದಿದ್ದು, ಡಾಕ್ಟ್ರಮ್ಮ."

ಕಿಟಕಿಯಾಚೆ ಪಂಚರ್ ಅಂಗಡಿಯವರು ಇನ್ನೂ ಹಾಗೇ ಕುಕ್ಕರಿಸಿದ್ದರು. ಅವರ ಸುತ್ತ ಯಾರೂ ಇರಲಿಲ್ಲ.

"ಆ ಅಣ್ಣಂಗೆ ಹೋಗಿ ಹೇಳಿ, ಅವ್ರ್ದೇನೂ ತಪ್ಪಿಲ್ಲ ಅಂತ" ಎಂದರು ಆಕೆ. "ನಂಗೆ ಬಾಯಿ ಬರಕ್ಕಿಲ್ಲ."

ನಾನು ಕಾರು ಆಫ್ ಮಾಡಿ ಇಳಿದೆ.